ಮಣ್ಣಿನಡಿಯ ನಿದ್ರೆ

ಭಾನುವಾರ ಬೆಳಿಗ್ಗೆ ಮನೆಯ ಮುಂದಿನ ಹೂಪಾತಿಯನ್ನು ಅಗೆದು, ಕಳೆಯನ್ನೆಲ್ಲ ಬೇರುಸಹಿತ ಕಿತ್ತೆಸೆದು, ಬೆವರೊರೆಸಿಕೊಂಡು ಒಳಗೆ ಹೋದ ಗೃಹಸ್ಥನು ಹದಿನೈದು ದಿನಗಳ ಅನಂತರ ನೋಡಿದರೆ ಪಾತಿಯ ತುಂಬ ಮತ್ತೆ ಹಸಿರು! ಮನೆಯಾಕೆ ಗಂಡನ ಕೆಲಸವನ್ನು ಶಂಕಿಸುತ್ತಾಳೆ. ಗಂಡನು ನೆರೆಮನೆಯ ಬೇಲಿಯನ್ನು ಶಂಕಿಸುತ್ತಾನೆ. ನಿಜಕ್ಕೂ ಈ ಬೆಳೆಯನ್ನು ಹೊಸದಾಗಿ ಬಿತ್ತಿದವರು ಯಾರೂ ಇಲ್ಲ. ಎಂದೋ ಉದುರಿ ಮಣ್ಣಿನಡಿಯಲ್ಲಿ ಮಲಗಿದ್ದ ಬೀಜಗಳು ಈಗ ಎದ್ದಿವೆ. ಅವನ್ನು ಎಬ್ಬಿಸಿದವನು ಗುದ್ದಲಿ ಹಿಡಿದ ಆ ಗೃಹಸ್ಥನೇ!

ಈ ನಿದ್ರೆ ಎಷ್ಟು ಕಾಲದ್ದು? ಅಮೆರಿಕದ ಮಿಷಿಗನ್ ಕೃಷಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ವಿಲಿಯಂ ಜೇಮ್ಸ್ ಬೀಲ್ ಅವರು 1879ರಲ್ಲಿ ಇದನ್ನೇ ಕಂಡುಹಿಡಿಯಹೊರಟರು. ಇಪ್ಪತ್ತು ಸೀಸೆಗಳನ್ನು ತಂದು, ಒಂದೊಂದರಲ್ಲಿಯೂ ಇಪ್ಪತ್ತಕ್ಕೂ ಮಿಕ್ಕಿದ ಜಾತಿಯ ಸಸ್ಯಗಳ ಬೀಜಗಳನ್ನು, ಜಾತಿಗೆ ಐವತ್ತರಂತೆ, ತೇವದ ಮರಳಿನೊಡನೆ ಬೆರೆಸಿ ತುಂಬಿದರು. ಅವುಗಳಲ್ಲಿ ಬಹುಪಾಲು ಕಳೆಗಳ ಬೀಜಗಳು. ನೀರು ನಿಲ್ಲದಂತೆ ಸೀಸೆಗಳ ಬಾಯಿಯನ್ನು ಕೆಳಮುಖವಾಗಿಸಿ ಕಾಲೇಜಿನ ಆವರಣದಲ್ಲಿ ಹೂಳಿದರು. ಐದೈದು ವರ್ಷಕ್ಕೆ ಒಂದನ್ನು ತೆಗೆದು ಬಿತ್ತಿ ನೋಡುವುದೆಂದು ಏರ್ಪಾಡಾಯಿತು.

ಬೀಲ್ ಅವರು 1924ರಲ್ಲಿ, ತಮ್ಮ 91ನೆಯ ವಯಸ್ಸಿನಲ್ಲಿ ತೀರಿಕೊಂಡರು, ಬೀಜಗಳು ತೀರಲಿಲ್ಲ. ಅವರ ಉತ್ತರಾಧಿಕಾರಿಗಳು ಐದು ವರ್ಷದ ಅವಧಿಯನ್ನು ಹತ್ತಕ್ಕೆ, ಆಮೇಲೆ ಇಪ್ಪತ್ತಕ್ಕೆ ಏರಿಸಬೇಕಾಯಿತು. 2021ರ ಏಪ್ರಿಲ್‌ನಲ್ಲಿ ಹದಿನಾರನೆಯ ಸೀಸೆ ಹೊರಬಂತು. ಬಹುತೇಕ ಜಾತಿಗಳು ಎಂದೋ ಸತ್ತಿದ್ದವು. ಆದರೆ ವರ್ಬ್ಯಾಸ್ಕಮ್ ಎಂಬ ಕಳೆಯ 20 ಬೀಜಗಳು, 141 ವರ್ಷಗಳ ಅಜ್ಞಾತವಾಸವನ್ನು ಮುಗಿಸಿ ಮೊಳೆತವು!

ಆ ಸೀಸೆಯನ್ನು ತೆಗೆದದ್ದು ಬೆಳಗಾಗುವ ಮುನ್ನ, ಕತ್ತಲಲ್ಲಿ. ಇದು ಕಳ್ಳತನವಲ್ಲ, ಎಚ್ಚರಿಕೆ. ಅನೇಕ ಕಳೆಬೀಜಗಳಿಗೆ ಬೆಳಕೇ ಕೋಳಿಯ ಕೂಗು. ಸಣ್ಣ ಬೀಜದ ಬುತ್ತಿ ಅತ್ಯಲ್ಪ; ಆಳದಲ್ಲಿ ಮೊಳೆತರೆ ಮೇಲೆ ಬರುವ ಮೊದಲೇ ಅದು ಮುಗಿದುಹೋಗುತ್ತದೆ. ಆದುದರಿಂದ ಬೆಳಕಿನ ಸುಳಿವು ಸಿಗುವವರೆಗೆ ಕಾಯುವುದೇ ಅದಕ್ಕೆ ಕ್ಷೇಮ. ಆ ಬೆಳಕಿನಲ್ಲಿಯೂ ಅದು ಭೇದವೆಣಿಸಬಲ್ಲದು. ಎಲೆಗಳ ಮೂಲಕ ಸೋಸಿ ಬಂದ ಬೆಳಕಿನಲ್ಲಿ ಕೆಂಪಿನ ಅಂಶ ಕಡಮೆ. ಅದನ್ನರಿತ ಬೀಜವು ‘ಮೇಲೆ ಬೇರೆ ಗಿಡಗಳಿವೆ, ಇನ್ನೂ ಕಾಲ ಬಂದಿಲ್ಲ’ ಎಂಬಂತೆ ಮಲಗಿಯೇ ಇರುತ್ತದೆ. ಹಗಲು ಬಿಸಿ, ಇರುಳು ತಂಪು ಎಂಬ ಏರಿಳಿತವು ಮಣ್ಣಿನ ಮೇಲ್ಪದರದಲ್ಲಿ ಹೆಚ್ಚು, ಆಳದಲ್ಲಿ ಅತ್ಯಲ್ಪ. ತಾನೆಷ್ಟು ಆಳದಲ್ಲಿರುವೆನೆಂಬುದಕ್ಕೆ ಇದೂ ಒಂದು ಸೂಚನೆ. ಶೀತದೇಶಗಳ ಕೆಲವು ಬೀಜಗಳಂತೂ ಒಂದು ಚಳಿಗಾಲವನ್ನು ಕಳೆಯದ ಹೊರತು, ನೀರೆರೆದರೂ ಮಿಸುಕುವುದಿಲ್ಲ.

ಒಂದೇ ಗಿಡದ ಬೀಜಗಳೆಲ್ಲ ಒಂದೇ ದಿನ ಏಳುವುದೂ ಇಲ್ಲ. ಎಲ್ಲವೂ ಒಮ್ಮೆಗೇ ಎದ್ದರೆ ಒಂದು ಬರಗಾಲ, ಒಂದು ಕುಂಟೆ ಸಾಕು, ವಂಶ ನಿರ್ಮೂಲವಾಗಲು. ಬುದ್ಧಿವಂತ ರೈತನು ಇದರ ಮರ್ಮವನ್ನು ತನ್ನ ಅನುಕೂಲಕ್ಕೆ ತಿರುಗಿಸಿಕೊಳ್ಳುತ್ತಾನೆ. ಮೊದಲ ಮಳೆಗೆ ಹೊಲವನ್ನು ಹರಗಿ, ಎದ್ದ ಕಳೆಯನ್ನು ಕುಂಟೆ ಹೊಡೆದು ಕೆಡವಿ, ಅನಂತರವೇ ಬಿತ್ತುತ್ತಾನೆ. ಶತ್ರುವನ್ನು ಎಬ್ಬಿಸಿ ಗೆಲ್ಲುವ ಉಪಾಯವಿದು! ಹೂಪಾತಿಯ ಗೃಹಸ್ಥನಿಗೂ ಇದೇ ಹಾದಿ. ಅಗೆದ ಮೇಲೆ ಎರಡು ವಾರ ತಾಳಿ, ಮೊಳೆತದ್ದನ್ನು ಮೇಲುಮೇಲೆ ಕೆರೆದು, ಆಳಕ್ಕೆ ಅಗೆಯದೆ ಸಸಿ ನೆಡಬೇಕು. ಕಳೆ ಹೂಬಿಡುವ ಮೊದಲೇ ಕೀಳಬೇಕು.

ಮಿಷಿಗನ್ನಿನ ಮಣ್ಣಿನಲ್ಲಿ ಇನ್ನೂ ನಾಲ್ಕು ಸೀಸೆಗಳಿವೆ. ಕಡೆಯದರ ಸರದಿ 2100ರಲ್ಲಿ. ಅದನ್ನು ತೆಗೆಯುವ ಕೈ ಬಹುಶಃ ಇನ್ನೂ ಹುಟ್ಟಿಲ್ಲ. ಮೊಳೆಯಬೇಕಾದ ಬೀಜಗಳು ಮಾತ್ರ ಆಗಲೇ ಸಿದ್ಧವಾಗಿ ಮಲಗಿವೆ.