ಕೊಟ್ಟಿಗೆಯ ಹಳೆಯ ಮೋಟಾರು

ತಂದೆಯವರೋ ತಾತನವರೋ ಕೊಂಡ ಫಿಯಟ್ ಮೋಟಾರು ಮನೆಯ ಹಿಂದಣ ಕೊಟ್ಟಿಗೆಯಲ್ಲಿ ಧೂಳು ಹೊದ್ದು ನಿಂತಿರುವ ಸಂಸಾರಗಳು ನಮ್ಮಲ್ಲಿ ಇನ್ನೂ ಉಂಟು. ಮುಂಬಯಿಯ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ 1964ರಿಂದ ತಯಾರಾದ ‘1100 ಡಿಲೈಟ್’ ಅಂತಹದೊಂದು. ಮುಂದೆ ಅದೇ ‘ಪದ್ಮಿನಿ’ ಎನಿಸಿಕೊಂಡಿತು. ಇದನ್ನು ಸ್ವಂತ ಕೈಯಿಂದ ಸರಿಪಡಿಸಿ ಓಡಿಸಬೇಕೆಂಬ ಹಂಬಲವು ಶ್ಲಾಘ್ಯವೇ ಸರಿ. ಅದರ ಬೆನ್ನಿಗೇ ಬರುವ ಆತುರವನ್ನು ಕುರಿತು ನಾವು ನಾಲ್ಕು ಮಾತು ಹೇಳಬೇಕಾಗಿದೆ.

ಹೊಸ ಬ್ಯಾಟರಿ ತಂದು, ಪೆಟ್ರೋಲು ಸುರಿದು, ಒಡನೆಯೇ ಬೀಗದ ಕೈ ತಿರುಗಿಸುವುದು ಮೊದಲ ದಿನದ ಉತ್ಸಾಹ. ಬಹುಕಾಲ ನಿಂತ ಯಂತ್ರದಲ್ಲಿ ಪಿಸ್ಟನ್ನಿನ ಬಳೆಗಳು ತುಕ್ಕಿನಿಂದ ಸಿಲಿಂಡರಿನ ಗೋಡೆಗೆ ಕಚ್ಚಿಕೊಂಡಿರಬಹುದು. ಬಲಾತ್ಕಾರದಿಂದ ತಿರುಗಿಸಿದರೆ ಬಳೆ ಮುರಿಯುವುದು, ಗೋಡೆಗೆ ಗೀರು ಬೀಳುವುದು. ಆದುದರಿಂದ ನಾಲ್ಕು ಪ್ಲಗ್ಗುಗಳನ್ನೂ ಬಿಚ್ಚಿ, ಒಳಕ್ಕೆ ತೆಳು ಎಣ್ಣೆಯನ್ನು ಸ್ವಲ್ಪ ಬಿಟ್ಟು, ಕೆಲವು ದಿನ ಸುಮ್ಮನಿದ್ದು, ಬಳಿಕ ಕೈಯಿಂದಲೇ ಮೆಲ್ಲನೆ ತಿರುಗಿಸಿ ನೋಡತಕ್ಕುದು. ಅಂಟಾಗಿ ಹೋದ ಹಳೆಯ ಪೆಟ್ರೋಲನ್ನು ತೊಟ್ಟಿಯಿಂದ ಪೂರ್ತಿ ಹೊರಗೆ ತೆಗೆಯಬೇಕು. ಒಲೆಯ ಸಮೀಪದಲ್ಲಿ ಈ ಕೆಲಸ ಕೂಡದು.

ಆದರೆ ಯಂತ್ರಕ್ಕಿಂತ ಮೊದಲು ಬ್ರೇಕನ್ನು ನೋಡಬೇಕೆಂಬುದೇ ನಮ್ಮ ಮುಖ್ಯ ಅಭಿಪ್ರಾಯ. ಈ ಗಾಡಿಯ ನಾಲ್ಕು ಚಕ್ರಗಳ ಬ್ರೇಕಿಗೂ ದ್ರವದ ಒತ್ತಡವು ಒಂದೇ ಮಾರ್ಗದಿಂದ ಬರುತ್ತದೆ. ಎಲ್ಲಿಯೋ ಒಂದು ರಬ್ಬರು ಸೀಳಿದರೆ ನಾಲ್ಕೂ ಕೆಟ್ಟಂತೆಯೇ. ಆ ದ್ರವವಾದರೋ ಗಾಳಿಯ ತೇವವನ್ನು ಹೀರಿ ಲೋಹವನ್ನು ಒಳಗಿನಿಂದ ತಿನ್ನುವ ಜಾತಿಯದು. ಪೆಡಲು ಇಂದು ಗಟ್ಟಿಯಾಗಿದ್ದು ನಾಳೆ ಇಳಿಜಾರಿನಲ್ಲಿ ನೆಲ ಮುಟ್ಟಬಹುದು. ಹಿಂದಿನ ಆಸನದಲ್ಲಿ ಕುಳಿತವರು ನಮ್ಮ ಮಕ್ಕಳಲ್ಲವೆ? ರಬ್ಬರು ಬಟ್ಟಲುಗಳನ್ನೂ ಕೊಳವೆಗಳನ್ನೂ ನೋಡಲು ಚೆನ್ನಾಗಿದ್ದರೂ ಬದಲಾಯಿಸಬೇಕು. ಆ ಕಾಲದ ಬ್ರೇಕಿನ ಪಟ್ಟಿಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಡ್ರಮ್ಮಿನೊಳಗಣ ಧೂಳನ್ನು ಊದದೆ, ಒದ್ದೆಯ ಬಟ್ಟೆಯಿಂದ ಒರಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿಬಿಡಬೇಕು; ಮಕ್ಕಳನ್ನು ಹತ್ತಿರಕ್ಕೆ ಸೇರಿಸಬಾರದು.

ಜಾಕಿಯೊಂದನ್ನೇ ನಂಬಿ ಗಾಡಿಯ ಕೆಳಗೆ ನುಸುಳಲಾಗದು. ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಿ ಯಂತ್ರವನ್ನು ಓಡಿಸಲೂ ಆಗದು: ಹೊಗೆಯಲ್ಲಿರುವ ವಿಷಾನಿಲಕ್ಕೆ ವಾಸನೆಯೇ ಇಲ್ಲ.

ಬಣ್ಣದ ಮಾತು ಕಡೆಗೆ. ಕೆಲವರು ಅದನ್ನೇ ಮೊದಲು ಮಾಡುವರು, ನೆರೆಯವರು ನೋಡಲೆಂದೋ ಏನೋ! ಬಾಗಿಲ ಕೆಳಗಿನ ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿದರೆ ಒಂದೆರಡು ಮಳೆಗಾಲದಲ್ಲಿ ಗುಳ್ಳೆ ಏಳುವುದು. ಕೆಟ್ಟ ತಗಡನ್ನು ಕತ್ತರಿಸಿ ಹೊಸ ತಗಡನ್ನು ಬೆಸೆಯಬೇಕು.

ಯಂತ್ರವನ್ನೂ ಮೈಕಟ್ಟನ್ನೂ ಬೇರೆ ಮಾಡಿಸುವ ಮೊದಲು ಕಾನೂನನ್ನು ನೆನೆಯುವುದು ಒಳ್ಳೆಯದು. 50 ವರ್ಷ ಮೀರಿದ, ಮೂಲರೂಪದಲ್ಲಿಯೇ ಉಳಿದ ಗಾಡಿಗಳಿಗೆ 2021ರ ನಿಯಮಗಳು ಪ್ರತ್ಯೇಕ ನೋಂದಣಿಯನ್ನು ಕಲ್ಪಿಸಿದವು; ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಹಾಗೆ ನೋಂದಾಯಿಸಿದ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಕಾಗದಪತ್ರಗಳು ಗತಿಸಿದ ಹಿರಿಯರ ಹೆಸರಿನಲ್ಲಿಯೇ ಇದ್ದರೆ, ಸ್ಪ್ಯಾನರು ಹಿಡಿಯುವುದಕ್ಕಿಂತ ಮುಂಚೆ ಅವನ್ನು ಹುಡುಕಿ ವರ್ಗಾವಣೆ ಮಾಡಿಸಿಕೊಳ್ಳತಕ್ಕುದು.