ಪಾತಾಳ ಚರಂಡಿ ಬೇಕು, ಕಲ್ಲೂ ಉಳಿಯಬೇಕು

ಸೇಲಂ ನಗರದ ಗುಗೈ ಬಡಾವಣೆಗೆ ಆ ಹೆಸರು ಬಂದದ್ದೇ ಗುಹೆಯಿಂದ ಅಂತ ಅಲ್ಲಿನವರು ಹೇಳ್ತಾರೆ. ನೆಲದಡಿಯ ಹೆಸರು ಹೊತ್ತ ಈ ಗುಗೈಯಲ್ಲಿ, ಆಚೆಯ ಅಮ್ಮಾಪೇಟೆಯಲ್ಲಿ, ತಲೆಮಾರುಗಳಿಂದ ನೆಯ್ಗೆಯನ್ನೇ ನಂಬಿದ ದೇವಾಂಗ ಮನೆತನಗಳಿವೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕುಲದೇವತೆ ಚೌಡೇಶ್ವರಿ. ‘ಸೇಲಂ ವೆಣ್ಪಟ್ಟು’ ಎಂದು ಹೆಸರಾದ ಬಿಳಿ ರೇಷ್ಮೆ ಪಂಚೆಯ ಹಿಂದೆ ಇಂಥ ಮನೆಗಳ ದುಡಿಮೆಯಿದೆ.

ಈಗ ಬಹುತೇಕ ಕಡೆ ವಿದ್ಯುತ್ ಮಗ್ಗದ ಸದ್ದೇ ಜೋರು. ಆದರೂ ಹಳೆಯ ಗುಂಡಿಮಗ್ಗ ಪೂರ್ತಿ ಹೋಗಿಲ್ಲ. ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಕೂತು ನೇಯುವವನಿಗೆ ಭೂಮಿಯೊಳಗೆ ಏನು ನಡೆದಿದೆ ಎನ್ನುವುದು ಎಂಜಿನಿಯರಿಗಿಂತ ಮೊದಲೇ ಗೊತ್ತಾಗುತ್ತದೆ. ಬೀದಿಯ ಚರಂಡಿ ಕಟ್ಟಿಕೊಂಡರೆ ಕೊಳಕು ನೀರು ಒಸರುವುದು ನೇರ ಮಗ್ಗದ ಗುಂಡಿಗೆ. ಹಾಸು ಮುಗ್ಗಿದರೆ ವಾರದ ಕೂಲಿ ಹೋಯ್ತು!

ಆದ್ದರಿಂದ ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಬೇಕು. ಭೂಗತ ಒಳಚರಂಡಿ ಬೇಡ ಎನ್ನುವವರು ಆ ಬೀದಿಗಳಲ್ಲಿ ಒಂದು ದಿನ ಇದ್ದು ಬರಲಿ. ತಮಿಳಿನಲ್ಲಿ ಇದಕ್ಕೆ ‘ಪಾದಾಳ ಸಾಕ್ಕಡೈ’ ಅಂತಾರೆ. ಪಾತಾಳದ ಚರಂಡಿ. 2000ರ ದಶಕದಲ್ಲಿ ಸೇಲಂಗೆ ಮಂಜೂರಾದ ಈ ಯೋಜನೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಎಳೆದಾಡಿತು. ಅಷ್ಟರಲ್ಲಿ 2016ರಲ್ಲಿ ನಗರ ಸ್ಮಾರ್ಟ್ ಸಿಟಿ ಪಟ್ಟಿಗೂ ಸೇರಿತು. ಅಗೆದ ಬೀದಿ ಮುಚ್ಚುವುದು, ಮುಚ್ಚಿದ ಬೀದಿ ಮತ್ತೆ ಅಗೆಯುವುದು ಜನರಿಗೆ ರೂಢಿಯಾಗಿಬಿಟ್ಟಿತು.

ಚರಂಡಿ ಪರಂಪರೆಯ ಶತ್ರುವೇನೂ ಅಲ್ಲ. ಶೇರ್ವರಾಯನ್ ಬೆಟ್ಟದಿಂದ ಇಳಿದು ಸೇಲಂ ನಡುವೆ ಹರಿಯುವ ತಿರುಮಣಿಮುತ್ತಾರನ್ನೇ ನೋಡಿ. ಹೆಸರಿನಲ್ಲಿ ಮಣಿಯೂ ಇದೆ, ಮುತ್ತೂ ಇದೆ. ನೀರಿನಲ್ಲಿ ಇರುವುದು ಊರಿನ ಕೊಳಚೆ. ಸುಗವನೇಶ್ವರ ದೇವಸ್ಥಾನ, ಕೋಟೆ ಮಾರಿಯಮ್ಮನ ಗುಡಿ ಇರುವ ಹಳೇ ಸೇಲಂ ಬೆಳೆದದ್ದು ಈ ಹೊಳೆಯ ಆಸರೆಯಲ್ಲಿ. ಕೊಳಚೆ ಕೊಳವೆಗೆ ಹೋದರೆ ತಾನೆ ಹೊಳೆ ಹೊಳೆಯಾಗಿ ಉಳಿಯುವುದು?

ತಕರಾರು ಇರುವುದು ಅಗೆಯುವ ರೀತಿಯ ಬಗ್ಗೆ. ಒಳಚರಂಡಿ ಕೊಳವೆಯಲ್ಲಿ ನೀರು ಇಳಿಜಾರಿನ ಬಲದಿಂದಲೇ ಸಾಗಬೇಕು. ಹಾಗಾಗಿ ಬೀದಿಯ ತುದಿಯಲ್ಲಿ ಮೂರ್ನಾಲ್ಕು ಅಡಿ ಇರುವ ಕಂದಕ ಪಂಪಿಂಗ್ ಸ್ಟೇಷನ್ ಹತ್ತಿರವಾದಂತೆ ಆಳವಾಗುತ್ತಾ ಹೋಗುತ್ತದೆ, ಹದಿನೈದು ಅಡಿ ದಾಟುವುದೂ ಉಂಟು. ಎರಡೂ ಬದಿ ಮಣ್ಣಿನ ಗೋಡೆಯ ಹಳೇ ಮನೆಗಳಿರುವ ಸಂದಿಯಲ್ಲಿ ಜೆಸಿಬಿ ಅಷ್ಟು ಆಳಕ್ಕೆ ಇಳಿದರೆ ಗೋಡೆ ಬಿರುಕು ಬಿಡದೆ ಇದ್ದೀತೆ? ಕಂದಕಕ್ಕೆ ತುಂಬಿದ ಮಣ್ಣನ್ನು ಪದರ ಪದರವಾಗಿ ದಮ್ಮಸ್ಸು ಮಾಡದಿದ್ದರೆ ಮೊದಲ ಮಳೆಗೇ ರಸ್ತೆ ಕುಸಿಯುತ್ತದೆ. ಆಡಿ ಮಾಸದಲ್ಲಿ ಗುಗೈಯ ‘ವಂಡಿ ವೇಡಿಕ್ಕೈ’ಗೆ ದೇವರ ವೇಷ ಕಟ್ಟಿದವರನ್ನು ಕೂರಿಸಿಕೊಂಡು ಬರುವ ಅಲಂಕಾರದ ಗಾಡಿಗಳು ಸಾಗಬೇಕಾದ್ದೂ ಇಂಥ ರಸ್ತೆಗಳಲ್ಲೇ. ಹಬ್ಬದ ದಿನಾಂಕ ಪಂಚಾಂಗದಲ್ಲಿ ವರ್ಷ ಮುಂಚೆಯೇ ಇರುತ್ತದೆ. ಕಾಮಗಾರಿಯ ವೇಳಾಪಟ್ಟಿ ಬರೆಯುವವರು ಒಮ್ಮೆ ಅದನ್ನು ತೆಗೆದು ನೋಡಿದರೆ ಅರ್ಧ ತಂಟೆ ಮುಗಿಯುತ್ತದೆ.

ತಗಡೂರಿನ ನೆಲ

ಸೇಲಂನಲ್ಲಿ ಅಪಾಯ ಬೀದಿಗೆ, ಮನೆಗೆ, ಮೆರವಣಿಗೆಗೆ. ಉತ್ತರಕ್ಕೆ ಧರ್ಮಪುರಿಗೆ ಬಂದರೆ ಅಪಾಯ ಕಲ್ಲುಗಳಿಗೆ. 1965ರವರೆಗೆ ಸೇಲಂ ಜಿಲ್ಲೆಯೊಳಗೇ ಇದ್ದ ಈ ಊರಿನ ಹಳೆಯ ಹೆಸರು ತಗಡೂರು. ಸಂಗಂ ಕಾಲದ ಅಧಿಯಮಾನನ ಊರು ಎಂದು ತಮಿಳರಿಗೆ ಹೆಮ್ಮೆ. ಅದೇ ತಗಡೂರು ನೊಳಂಬರ ಆಳ್ವಿಕೆಯಲ್ಲಿ ಕನ್ನಡ ಶಾಸನ ಕೆತ್ತಿಸಿದ ಊರೂ ಹೌದು. ಕ್ರಿ.ಶ. 893ರ ಮಹೇಂದ್ರ ನೊಳಂಬನ ಕಾಲದ ಕಂಬ ಶಾಸನ, ವರ್ತಕ ಮನೆತನದ ನಿಧಿಯಣ್ಣ, ಚಂಡಿಯಣ್ಣ ಎಂಬ ಸೋದರರು ಇಲ್ಲಿ ಬಸದಿ ಕಟ್ಟಿಸಿದ್ದನ್ನು ಹೇಳುತ್ತದೆ. ಆ ಅಕ್ಷರಗಳು ಉಳಿಯದೇ ಹೋಗಿದ್ದರೆ ಈ ಸೋದರರ ಹೆಸರು ಇಂದು ಯಾರಿಗೂ ಗೊತ್ತಿರುತ್ತಿರಲಿಲ್ಲ.

ಧರ್ಮಪುರಿಯ ಕೋಟೆ ಪ್ರದೇಶದ ಮಲ್ಲಿಕಾರ್ಜುನ ದೇವಸ್ಥಾನ ನೊಳಂಬರ ಕಾಲದ್ದು. ಅಲ್ಲಿನ ತೂಗುಕಂಬ ನೋಡಲು ಈಗಲೂ ಜನ ಬರುತ್ತಾರೆ. ಕಂಬದ ಬುಡ ನೆಲಕ್ಕೆ ತಾಗಿದೆಯೋ ಇಲ್ಲವೋ ಎಂದು ಕೆಳಗೆ ಬಟ್ಟೆ ಎಳೆದು ಪರೀಕ್ಷೆ ಮಾಡುವುದು ಮಕ್ಕಳಿಗೆ ಆಟ. ಪಕ್ಕದ ಕಾಮಾಕ್ಷಿ ಅಮ್ಮನ ಗುಡಿಯ ಅಧಿಷ್ಠಾನದ ಸುತ್ತ ರಾಮಾಯಣದ ಚಿಕ್ಕ ಚಿಕ್ಕ ಶಿಲ್ಪಗಳಿವೆ. ಇಂಥ ಕಟ್ಟಡಗಳ ಜೀವ ಇರುವುದು ಅಡಿಪಾಯದ ಮಣ್ಣಿನಲ್ಲಿ. ಭೂಗತ ಒಳಚರಂಡಿಗಾಗಿ ಧರ್ಮಪುರಿ ಪಟ್ಟಣದ ಬೀದಿಗಳನ್ನೂ ಅಗೆದದ್ದಾಗಿದೆ. ಮುಂದೆ ದುರಸ್ತಿಗೋ, ಹೊಸ ಜೋಡಣೆಗೋ ಮತ್ತೆ ಅಗೆಯಲೇಬೇಕು. ಆಗ ಗುಡಿಯ ಬುಡದಿಂದ ಎಷ್ಟು ಅಡಿ ದೂರ ಎನ್ನುವುದನ್ನು ನಿರ್ಧರಿಸುವವರು ಯಾರು? ಬೆಳಗ್ಗೆ ಬಂದ ಜೆಸಿಬಿ ಡ್ರೈವರ್ರೇ?

ಇನ್ನು ಹಳ್ಳಿಗಳ ಕಥೆ. ಧರ್ಮಪುರಿ, ಕೃಷ್ಣಗಿರಿ ಸೀಮೆಯಲ್ಲಿ ವೀರಗಲ್ಲುಗಳು ಹೆಜ್ಜೆ ಹೆಜ್ಜೆಗೆ ಸಿಗುತ್ತವೆ. ದನ ಕಾಯಲು, ಊರು ಕಾಯಲು ಹೋರಾಡಿ ಸತ್ತವರ ಕಲ್ಲುಗಳು. ಕೆಲವುದರಲ್ಲಿ ವಟ್ಟೆೞುತ್ತು ಲಿಪಿಯ ತಮಿಳು, ಕೆಲವುದರಲ್ಲಿ ಹಳಗನ್ನಡ. ಎಷ್ಟೋ ಕಲ್ಲುಗಳು ‘ವೇಡಿಯಪ್ಪನ್’ ಆಗಿ ಪೂಜೆ ಪಡೆಯುತ್ತವೆ, ಅವಕ್ಕೆ ಭಯವಿಲ್ಲ. ಅರಿಸಿನ ಕುಂಕುಮ ಬಿದ್ದ ಕಲ್ಲನ್ನು ಮುಟ್ಟಲು ಯಾವ ಗುತ್ತಿಗೆದಾರನಿಗೂ ಧೈರ್ಯವಿಲ್ಲ. ಪೂಜೆಯಿಲ್ಲದೆ ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ, ಅರ್ಧ ಹೂತು ನಿಂತ ಕಲ್ಲಿನ ಗತಿಯೇ ಬೇರೆ. ಇಂದು ವೀರಗಲ್ಲು, ನಾಳೆ ಬಟ್ಟೆ ಒಗೆಯುವ ಕಲ್ಲು.

ಈ ಸೀಮೆಯ ಅತಿ ದೊಡ್ಡ ಅಗೆತ ಹೊಗೇನಕಲ್ ಕುಡಿಯುವ ನೀರಿನ ಯೋಜನೆಯದು. ಜಪಾನಿನ ಸಾಲದೊಂದಿಗೆ ಸುಮಾರು 1,928 ಕೋಟಿ ರೂಪಾಯಿ ಅಂದಾಜಿನ ಈ ಯೋಜನೆಗೆ 2008ರಲ್ಲಿ ಶಂಕುಸ್ಥಾಪನೆಯಾಯಿತು, 2013ರಲ್ಲಿ ಉದ್ಘಾಟನೆಯೂ ಆಯಿತು. ಆಗ ಗಡಿಯ ಈಚೆ ನಡೆದ ಪ್ರತಿಭಟನೆ ಎಲ್ಲರಿಗೂ ನೆನಪಿದೆ. ಆದರೆ ಆ ಗದ್ದಲದಲ್ಲಿ ಒಂದು ಸತ್ಯ ಮರೆಯಾಯಿತು. ಬೋರ್‌ವೆಲ್‌ನ ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಾಗಿ, ಮೂಳೆ ಬಾಗಿ ನರಳಿದವರಲ್ಲಿ ಕನ್ನಡ ಮನೆಗಳವರೂ ಇದ್ದರು. ನೀರು ಅವರಿಗೂ ಬೇಕಿತ್ತು. ಆ ನೀರಿಗಾಗಿ ಸಾವಿರಾರು ಹಳ್ಳಿಗಳಿಗೆ ಕೊಳವೆ ಹೂಳಿದಾಗ ಎರಡು ರಾಜ್ಯಗಳ ನಾಯಕರು ಟಿಎಂಸಿ ಲೆಕ್ಕ ಹಾಕಿದರು. ಕಂದಕದ ದಾರಿಯಲ್ಲಿ ಇದ್ದ ಕಲ್ಲುಗಳ ಲೆಕ್ಕ ಅವರ ಜಗಳದಲ್ಲಿ ಒಮ್ಮೆಯಾದರೂ ಬಂತೇ?

ನಾಲ್ಕಡಿ ಆಳದಲ್ಲಿ ಏನಿದೆ ಎನ್ನುವವರಿಗೆ ಸೇಲಂ ಜಿಲ್ಲೆಯದೇ ಉತ್ತರವಿದೆ. ಮೇಟೂರು ಬಳಿಯ ಮಾಂಗಾಡಿನಲ್ಲಿ ಸಿಕ್ಕ ಕಬ್ಬಿಣದ ಕತ್ತಿ ಕ್ರಿ.ಪೂ. 1500ರ ಆಸುಪಾಸಿನದು ಎಂದು ಲೆಕ್ಕ ಸಿಕ್ಕಿದೆ. ಕೃಷ್ಣಗಿರಿ ಜಿಲ್ಲೆಯ ಮಯಿಲಾಡುಂಪಾರೈಯ ಕಬ್ಬಿಣ ಇನ್ನೂ ಹಿಂದಿನದು, ಕ್ರಿ.ಪೂ. 2172. ಈ ಫಲಿತಾಂಶವನ್ನು 2022ರಲ್ಲಿ ತಮಿಳುನಾಡು ವಿಧಾನಸಭೆಯಲ್ಲೇ ಘೋಷಿಸಲಾಯಿತು. ಅಂಥ ನೆಲವಿದು.

ಓದುವವರು ಯಾರು?

1970ರ ದಶಕದಲ್ಲಿ ತಮಿಳುನಾಡು ಪುರಾತತ್ವ ಇಲಾಖೆ ಧರ್ಮಪುರಿ ಜಿಲ್ಲೆಯ ಶಾಸನಗಳನ್ನು ಹುಡುಕಿ ಪುಸ್ತಕ ಮಾಡಿತು. ಧರ್ಮಪುರಿಯ ಸಂಗ್ರಹಾಲಯದಲ್ಲಿ ಹಲವು ವೀರಗಲ್ಲುಗಳನ್ನು ತಂದು ನಿಲ್ಲಿಸಿದೆ. ಆ ಇಲಾಖೆಯನ್ನು ಸುಮ್ಮನೆ ದೂರುವುದು ನ್ಯಾಯವಲ್ಲ. 2021ರಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ, ಮೈಸೂರಿನಲ್ಲಿದ್ದ ತಮಿಳು ಶಾಸನಗಳ ಅಚ್ಚುಗಳನ್ನು ಚೆನ್ನೈಗೆ ತರಬೇಕೆಂದು ಆದೇಶಿಸಿತು. ತಮಿಳಿಗೆ ದನಿಯೆತ್ತುವವರಿದ್ದಾರೆ, ಸಂತೋಷ. ತಮಿಳುನಾಡಿನ ಹೊಲದಲ್ಲಿರುವ ಕನ್ನಡ ಕಲ್ಲಿಗಾಗಿ ಕೋರ್ಟಿಗೆ ಹೋಗುವವರು ಯಾರು? ಬೆಂಗಳೂರಿಗೆ ಅದು ಹೊರರಾಜ್ಯದ್ದು, ಚೆನ್ನೈಗೆ ಹೊರಭಾಷೆಯದ್ದು.

ಕಹಿಯಾದ ಮಾತು ಇನ್ನೊಂದಿದೆ. ಈ ಭಾಗದ ಕನ್ನಡ ಮನೆಗಳಲ್ಲೇ ಕನ್ನಡ ಓದಬಲ್ಲವರು ಕಡಿಮೆಯಾಗುತ್ತಿದ್ದಾರೆ. ಅಜ್ಜಿ ಮಾತಾಡ್ತಾಳೆ, ಮೊಮ್ಮಗನೂ ಮಾತಾಡ್ತಾನೆ, ಅಕ್ಷರ ಮಾತ್ರ ಬರೋದಿಲ್ಲ. 2006ರ ತಮಿಳು ಕಲಿಕೆ ಕಾಯ್ದೆಯ ನಂತರ ಹೊಸೂರು ಕಡೆಯ ಕನ್ನಡ ಶಾಲೆಗಳಿಗೂ ಕಷ್ಟ ಬಂತು. ಅಕ್ಷರ ಗೊತ್ತಿಲ್ಲದಿದ್ದರೆ ಕಂದಕದಿಂದ ಎದ್ದ ಕಲ್ಲು ಕನ್ನಡದ್ದೋ ತಮಿಳಿನದ್ದೋ ಯಾರು ಹೇಳಬೇಕು? ಚೋಳರು ನೊಳಂಬರ ಕಂಬಗಳನ್ನು ಗೆದ್ದು ತಿರುವಯ್ಯಾರಿಗೆ ಹೊತ್ತೊಯ್ದರು ಎನ್ನುತ್ತಾರೆ ಇತಿಹಾಸಕಾರರು. ಗೆದ್ದವರಿಗೂ ಅದರ ಬೆಲೆ ಗೊತ್ತಿತ್ತು. ಕೊಂಡೊಯ್ದು ದೇವಸ್ಥಾನದಲ್ಲಿ ನಿಲ್ಲಿಸಿದರು. ಜೆಸಿಬಿಗೆ ಆ ಬುದ್ಧಿಯೂ ಇಲ್ಲ.

ಗುತ್ತಿಗೆಯಲ್ಲೇ ಗಂಟು

ಅಸಲು ಗಂಟು ಇರುವುದು ಟೆಂಡರ್ ಕಾಗದದಲ್ಲಿ. ಕಂದಕದಲ್ಲಿ ಅಕ್ಷರದ ಕಲ್ಲೊಂದು ಸಿಕ್ಕಿತು ಎಂದಿಟ್ಟುಕೊಳ್ಳಿ. ಗುತ್ತಿಗೆದಾರ ಸುದ್ದಿ ಕೊಟ್ಟರೆ ಕೆಲಸ ನಿಲ್ಲುತ್ತದೆ. ನಿಂತ ದಿನಗಳ ಕೂಲಿ, ಯಂತ್ರದ ಬಾಡಿಗೆ ಅವನ ತಲೆಗೆ; ತಡವಾದದ್ದಕ್ಕೆ ದಂಡ ಬೇರೆ. ಸುಮ್ಮನಿದ್ದರೆ? ರಾತ್ರಿ ಒಂದು ಲೋಡ್ ಮಣ್ಣಿನ ಜೊತೆ ಕಲ್ಲೂ ಹೋಗುತ್ತದೆ, ಬೆಳಗ್ಗೆ ಕೊಳವೆ ಕೂರುತ್ತದೆ. ಪ್ರಾಮಾಣಿಕನಿಗೆ ನಷ್ಟ, ಮುಚ್ಚಿಟ್ಟವನಿಗೆ ಲಾಭ. ಇಂಥ ಲೆಕ್ಕದಲ್ಲಿ ಯಾವ ಕಲ್ಲು ಉಳಿದೀತು?

ಇದಕ್ಕೆ ಕೋಟಿಗಟ್ಟಲೆ ಹಣ ಬೇಡ. ಕಲ್ಲು ಸಿಕ್ಕಿ ಕೆಲಸ ನಿಂತ ದಿನಗಳನ್ನು ಅವಧಿಗೆ ಸೇರಿಸಿ ಕೊಡುತ್ತೇವೆ, ದಂಡವಿಲ್ಲ, ನಿಂತ ಯಂತ್ರದ ಬಾಡಿಗೆ ಪಾವತಿಸುತ್ತೇವೆ ಎಂಬ ಒಂದು ಷರತ್ತು ಟೆಂಡರಿನಲ್ಲಿ ಸೇರಿದರೆ ಸಾಕು, ಗುತ್ತಿಗೆದಾರನೇ ಫೋನ್ ಮಾಡುತ್ತಾನೆ. ಅಗೆಯುವ ಮೊದಲು ಪುರಾತತ್ವ ಇಲಾಖೆಯವರು, ಕನ್ನಡ ಅಕ್ಷರ ಬಲ್ಲ ಒಬ್ಬರನ್ನು ಜೊತೆಗಿಟ್ಟುಕೊಂಡು ಆ ದಾರಿಯುದ್ದಕ್ಕೂ ನಡೆದು ಪಟ್ಟಿ ಮಾಡಲಿ. ಹಳೇ ಗುಡಿಯ ಬುಡದಲ್ಲಿ ಕಂದಕದ ಬದಲು ನೆಲದಡಿಯಿಂದಲೇ ಕೊಳವೆ ತೂರಿಸಲಿ. ರೈಲು ಹಳಿ, ಹೆದ್ದಾರಿ ಅಡಿ ಹಾಗೆಯೇ ಕೊಳವೆ ತೂರಿಸುವುದಿಲ್ಲವೇ? ಹಳಿಗೆ ಇರುವ ಮರ್ಯಾದೆ ಗುಡಿಗೂ ಸಿಗಲಿ.

ಆಗದ ಕೆಲಸ ಎಂದು ಯಾರೂ ಹೇಳುವಂತಿಲ್ಲ. ಶ್ರೀರಂಗಪಟ್ಟಣದಲ್ಲಿ ಬೆಂಗಳೂರು–ಮೈಸೂರು ಜೋಡಿ ಹಳಿಗೆ ಅರ್ಧ ನೆಲದೊಳಗಿದ್ದ ಟಿಪ್ಪು ಕಾಲದ ಮದ್ದಿನ ಮನೆ ಅಡ್ಡ ಬಂತು. ವರ್ಷಗಟ್ಟಲೆ ಕೆಲಸ ನಿಂತಿತು. ಕೊನೆಗೆ 2017ರ ಮಾರ್ಚ್‌ನಲ್ಲಿ ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು ಒಡೆಯದೆ, ಇಡಿಯಾಗಿ ಎತ್ತಿ ನೂರು ಮೀಟರಿಗೂ ಆಚೆ ಸರಿಸಿದರು. ರೈಲೂ ಓಡಿತು, ಕಟ್ಟಡವೂ ಉಳಿಯಿತು. ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಬಳಿ 2012ರಲ್ಲಿ ಮೆಟ್ರೊಗೆ ಅಗೆದಾಗ ಹಳೆಯ ಫಿರಂಗಿಗಳು ಸಿಕ್ಕವು. ಅವುಗಳನ್ನು ಎತ್ತಿಟ್ಟರು, ಮೆಟ್ರೊ ನಿಲ್ಲಲಿಲ್ಲ. ಸಾವಿರ ಟನ್ ಸರಿಸಬಲ್ಲ ದೇಶದಲ್ಲಿ ನಾಲ್ಕಡಿ ಕಲ್ಲನ್ನು ಜೋಪಾನವಾಗಿ ಪಕ್ಕಕ್ಕಿಡಲು ಆಗದೇ?

ಕಾನೂನೂ ಇದೆ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರ್ ನಿಷೇಧ, ಅದರಾಚೆ ಇನ್ನೂರು ಮೀಟರ್ ನಿಯಂತ್ರಣ ಎನ್ನುತ್ತದೆ 2010ರ ತಿದ್ದುಪಡಿ. ರಾಜ್ಯದ 1966ರ ಕಾಯ್ದೆ ರಾಜ್ಯ ಘೋಷಿಸಿದ ಸ್ಮಾರಕಗಳಿಗೆ. ನೆಲದಲ್ಲಿ ಹೂತ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತು ಸಿಕ್ಕರೆ ಕಲೆಕ್ಟರಿಗೆ ಬರೆದು ತಿಳಿಸಬೇಕು ಎನ್ನುತ್ತದೆ ಬ್ರಿಟಿಷರ 1878ರ ನಿಧಿ ಕಾಯ್ದೆ. ಆದರೆ ಯಾವ ಪಟ್ಟಿಯಲ್ಲೂ ಇಲ್ಲದೆ ಬಯಲಲ್ಲಿ ಸುಮ್ಮನೆ ನಿಂತ ವೀರಗಲ್ಲು ಈ ಮೂರರ ಸಂದಿಯಲ್ಲಿ ಜಾರಿಬೀಳುತ್ತದೆ. ಅದು ಹೂತಿಲ್ಲ, ಘೋಷಿತವೂ ಅಲ್ಲ.

ಪಟ್ಟಿಗೆ ಸೇರಿಸುವ ಕೆಲಸ ಮನೆಯವರಿಂದಲೇ ಶುರುವಾಗಬಹುದು. ಪ್ರತಿ ಸೋಮವಾರ ಸೇಲಂ, ಧರ್ಮಪುರಿ ಕಲೆಕ್ಟರ್ ಕಚೇರಿಗಳಲ್ಲಿ ಕುಂದುಕೊರತೆ ದಿನ ನಡೆಯುತ್ತದೆ. ಊರಿನ ಕಲ್ಲಿನ ಫೋಟೊ, ಊರ ಹೆಸರು, ಹೊಲದ ಸರ್ವೆ ನಂಬರು, ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿದೆ ಎನ್ನುವ ವಿವರ, ಇಷ್ಟಿದ್ದರೆ ಸಾಕು. ಅರ್ಜಿ ತಮಿಳಿನಲ್ಲೇ ಇರಲಿ, ಅದರಲ್ಲೇನೂ ಸಂಕೋಚ ಬೇಡ. ಕಲ್ಲಿನ ಮೇಲೆ ಕನ್ನಡ ಅಕ್ಷರವಿದೆ ಎಂದು ಒಂದು ಸಾಲು ಸೇರಿಸಿ. ಪ್ರತಿಯನ್ನು ಪುರಾತತ್ವ ಇಲಾಖೆಗೂ ಕಳಿಸಿ. ಅರ್ಜಿ ಕೊಟ್ಟ ಮೇಲೆ ನಂಬರು ಹಾಕಿದ ರಸೀದಿ ಕೇಳಿ ಪಡೆಯುವುದನ್ನು ಮಾತ್ರ ಮರೆಯಬಾರದು. ಮುಂದೆ ಜೆಸಿಬಿ ಬಂದ ದಿನ ತೋರಿಸಲು ಕೈಯಲ್ಲಿ ಇರುವುದು ಅದೊಂದೇ.