ವೇಗ ಮತ್ತು ಒಡಂಬಡಿಕೆ

ಹೆಚ್ಚು ವೇಗವುಳ್ಳದ್ದೇ ಗೆಲ್ಲುವುದೆಂಬುದು ನಮ್ಮ ಕಾಲದ ಮೂಢನಂಬಿಕೆಗಳಲ್ಲೊಂದೆಂದು ನನಗೆ ತೋರುತ್ತದೆ. ಕಂಪ್ಯೂಟರಿನ ಮೆಮೊರಿ ಚಿಪ್ಪುಗಳ ಚರಿತ್ರೆಯಲ್ಲಿ ನಡೆದ ಒಂದು ಸ್ಪರ್ಧೆ ಇದಕ್ಕೆ ತಕ್ಕ ನಿದರ್ಶನ. ಕನ್ನಡ ಪಾಠ ಹೇಳುವವನಿಗೆ ಚಿಪ್ಪಿನ ಗೊಡವೆಯೇಕೆಂದು ಓದುಗರು ಕೇಳಬಹುದು. ಆ ವ್ಯಾಜ್ಯ ಕೊನೆಗೆ ಬಂದು ನಿಂತದ್ದು ಮಾತಿನ ಅರ್ಥದ ಮೇಲೆ. ಆದುದರಿಂದ ಅದರಲ್ಲಿ ನನಗೂ ಸ್ವಲ್ಪ ಅಧಿಕಾರವುಂಟು.

ಕಂಪ್ಯೂಟರು ತನ್ನ ಕೆಲಸಕ್ಕೆ ಆಗಿಂದಾಗ ಬೇಕಾದುದನ್ನು ಕೈಗೆಟಕುವಂತೆ ಇರಿಸಿಕೊಳ್ಳುವುದು ಮೆಮೊರಿ ಚಿಪ್ಪುಗಳಲ್ಲಿ. ಲೆಕ್ಕಮಾಡುವ ಚಿಪ್ಪು ಚುರುಕಾದಂತೆಲ್ಲ ಮೆಮೊರಿ ಹಿಂದೆ ಬೀಳತೊಡಗಿತು. 1990ರಲ್ಲಿ ಅಮೆರಿಕದಲ್ಲಿ ಹುಟ್ಟಿದ ರಾಂಬಸ್ ಸಂಸ್ಥೆ ಇದಕ್ಕೊಂದು ಜಾಣ ಉಪಾಯ ಹೂಡಿತು: 64 ಎಳೆಗಳ ಅಗಲವಾದ ಹಾದಿಗೆ ಬದಲು 16 ಎಳೆಗಳ ಕಿರುಹಾದಿ, ಆದರೆ ಬಹು ತೀವ್ರವಾದ ಓಟ. ಆಗ ರೂಢಿಯಲ್ಲಿದ್ದ ಪಿ.ಸಿ. 133 ಮೆಮೊರಿ ಸೆಕೆಂಡಿಗೆ ಸುಮಾರು 1 ಗಿಗಾಬೈಟ್ ಸಾಗಿಸಬಲ್ಲುದಾದರೆ, ಇದರ ಶಕ್ತಿ 1.6 ಗಿಗಾಬೈಟ್. ಇಂಟೆಲ್ ಸಂಸ್ಥೆ ಇದನ್ನು ಮೆಚ್ಚಿ, 2000ದ ನವೆಂಬರಿನಲ್ಲಿ ಪೆಂಟಿಯಂ 4 ಅನ್ನು ಈ ಮೆಮೊರಿಯೊಡನೆಯೇ ಪೇಟೆಗೆ ತಂದಿತು. ಎರಡು ಹಾದಿಗಳನ್ನು ಜೊತೆಗೂಡಿಸಿದಾಗ ವೇಗ 3.2 ಗಿಗಾಬೈಟಿಗೇರಿತು.

ಇಷ್ಟಿದ್ದೂ ಗೆದ್ದುದು 2.1 ಗಿಗಾಬೈಟಿನ ಡಿ.ಡಿ.ಆರ್. ಚಿಪ್ಪು ತಯಾರಕರೆಲ್ಲ ಜೆಡೆಕ್ ಎಂಬ ಮಂಡಲಿಯಲ್ಲಿ ಕೂಡಿ ಒಪ್ಪಿ ರೂಪಿಸಿದ ಮಾದರಿ ಅದು. ಬೆಲೆ ಕಡಿಮೆ, ಹಳೆಯ ವಿಧಾನಕ್ಕೆ ಹತ್ತಿರವಾದುದರಿಂದ ತಯಾರಿಕೆಯೂ ಸುಲಭ. 2002ರ ವೇಳೆಗೆ ಇಂಟೆಲ್ಲೂ ಅದರತ್ತ ಹೊರಳಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ರಾಂಬಸ್ 1996ರವರೆಗೆ ಅದೇ ಮಂಡಲಿಯ ಸದಸ್ಯನಾಗಿತ್ತು. ಹೊರಬಂದ ಮೇಲೆ, ಡಿ.ಡಿ.ಆರ್.ನಲ್ಲಿಯೂ ತನ್ನ ಪೇಟೆಂಟುಗಳಿವೆಯೆಂದು ವಾದಿಸಿ 2000ದಲ್ಲಿ ನ್ಯಾಯಾಲಯಕ್ಕೆ ಹೋಯಿತು. ಸಭೆಯಲ್ಲಿ ಕುಳಿತಿದ್ದಾಗ ಏಕೆ ಹೇಳಲಿಲ್ಲವೆಂದು ಉಳಿದವರು ಕೇಳಿದರು. 2003ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು, ಸದಸ್ಯರು ಏನನ್ನು, ಯಾವಾಗ ತಿಳಿಸಬೇಕೆಂಬ ನಿಯಮವೇ ಸ್ಪಷ್ಟವಾಗಿಲ್ಲವೆಂದು ಕಂಡಿತು. 2006ರಲ್ಲಿ ವ್ಯಾಪಾರ ಆಯೋಗ ರಾಂಬಸ್ಸಿನ ವಿರುದ್ಧ ನಿರ್ಣಯವಿತ್ತರೆ, 2008ರಲ್ಲಿ ಇನ್ನೊಂದು ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಪ್ರತಿಪಕ್ಷದವರು ಸಾಧುಗಳೆಂದು ಭಾವಿಸಬೇಕಾಗಿಲ್ಲ: ಒಳಗೊಳಗೇ ಬೆಲೆ ಗೊತ್ತುಮಾಡಿಕೊಂಡ ತಪ್ಪನ್ನೊಪ್ಪಿ, 2005ರಲ್ಲಿ ಸ್ಯಾಮ್‌ಸಂಗ್ ಒಂದೇ 30 ಕೋಟಿ ಡಾಲರು ದಂಡಕ್ಕೆ ಗುರಿಯಾಯಿತು.

ಕೂಡಿ ಒಪ್ಪಿದ ಮಾದರಿ ಒಂಟಿಯ ವೇಗಕ್ಕಿಂತ ದೊಡ್ಡದೆಂಬುದು ಇಲ್ಲಿನ ಮೊದಲ ಪಾಠ. ಇಂದಿನ ಡಿ.ಡಿ.ಆರ್. 5 ಕೂಡ ಅದೇ ಮಂಡಲಿಯ ಮಾದರಿ. ಆದರೆ ಒಡಂಬಡಿಕೆ ನಿಲ್ಲುವುದು ಬರೆದ ಮಾತಿನ ಬಲದ ಮೇಲೆ ಎಂಬ ಎರಡನೆಯ ಪಾಠವನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಎಳೆಗಳನ್ನೂ ಗಿಗಾಬೈಟುಗಳನ್ನೂ ತಪ್ಪಿಲ್ಲದೆ ಎಣಿಸಿದ ಪ್ರಾಜ್ಞರು ತಮ್ಮದೇ ನಿಯಮದ ವಾಕ್ಯವನ್ನು ಅಷ್ಟು ಜಾಗರೂಕತೆಯಿಂದ ಬರೆಯಲಿಲ್ಲ. ವರ್ಷಗಟ್ಟಲೆ ಅದಕ್ಕೆ ಬೆಲೆ ತೆತ್ತರು. ವಿಜ್ಞಾನ ಓದುವವರಿಗೆ ಭಾಷೆಯ ತರಗತಿ ಹೊರೆಯೆನ್ನುವ ಮಿತ್ರರು ಇದನ್ನೊಮ್ಮೆ ಆಲೋಚಿಸಲಿ. ಕರ್ತೃ ಯಾರು, ಕ್ರಿಯೆ ಯಾವುದು, ಕಾಲ ಯಾವುದು ಎಂದು ತಿಳಿಯಾಗಿ ಬರೆಯುವ ಅಭ್ಯಾಸ ಅಲಂಕಾರವಲ್ಲ. ನಾಲ್ಕು ಜನ ಕೂಡಿ ಮಾಡುವ ಕೆಲಸಕ್ಕೆಲ್ಲ ಅದೇ ಅಡಿಗಲ್ಲು.